ಮಟ್ಟದ ಕಲ್ಲು

ಸೀತಾರಾಮ ಮೇಸ್ತ್ರಿ ಒಂದು ಬಕೆಟ್ ನೀರನ್ನು ಹಿತ್ತಿಲ ಕಲ್ಲುಹಾಸಿನ ನಡುವೆ ಸುರಿದು ನೋಡುತ್ತ ನಿಂತ. ನೀರು ಅತ್ತ ಹೋಗಲಿಲ್ಲ, ಇತ್ತ ಹೋಗಲಿಲ್ಲ. ಸುರಿದಲ್ಲೇ ಹರಡಿಕೊಂಡು ಕೂತಿತು.

"ಮಕ್ಬೂಲ್ ಭಾಯಿ, ಇದಕ್ಕೆ ಇಳಿಜಾರೇ ಇಲ್ಲ. ನೀರು ಹೋಗೂದಾದ್ರೂ ಎಲ್ಲಿಗೆ?"

ಮಕ್ಬೂಲನ ಮುಖ ಬಿಗಿಯಿತು. ಲಾರಿ ಓಡಿಸುತ್ತಿದ್ದ ಕಾಲದಲ್ಲಿ, ಬಾಡಿಗೆ ಇಲ್ಲದ ದಿನಗಳಲ್ಲಿ ಒಂದೊಂದು ಕಲ್ಲನ್ನೂ ತಾನೇ ಕೂರಿಸಿದವನು ಅವನು. ಅರಬೈಲ್ ಘಾಟಿನಲ್ಲಿ ಲೋಡು ವಾಲಿದರೆ ಏನಾಗುತ್ತದೆಂದು ಕಂಡವನಿಗೆ ಮಟ್ಟವೆಂದರೆ ಮಟ್ಟ. ತುಂಬಿದ ಲೋಟ ಎಲ್ಲಿಟ್ಟರೂ ತುಳುಕದು ಎಂದು ಬಂದವರಿಗೆಲ್ಲ ತೋರಿಸಿ ಬೀಗಿದ್ದ. ಯಲ್ಲಾಪುರದ ಮಳೆಯನ್ನು ಮಾತ್ರ ಯೋಚಿಸಿರಲಿಲ್ಲ.

"ಹೋದ ಮಳೆಗಾಲ ಬಿಟ್ರೆ ಇಲ್ಲಿ ಯಾವತ್ತೂ ನೀರು ನಿಂತಿಲ್ಲ. ಬೇಕಾದ್ರೆ ಇವಳನ್ನೇ ಕೇಳು," ಎಂದ.

ಬಾಗಿಲಿಗೆ ಒರಗಿದ್ದ ಹೆಂಡತಿ ಬಿಸ್ಮಿಲ್ಲಾ ಬಿ ಮೂಲೆಯ ಪೊರಕೆಯತ್ತ ನೋಡಿದಳು. ನಿಲ್ಲದೆ ಏನು? ಗಂಡ ಮನೆಯಲ್ಲಿದ್ದಾಗಲೆಲ್ಲ ಅವನು ಏಳುವ ಮೊದಲೇ ನೀರನ್ನು ಪೊರಕೆಯಿಂದ ಗಟಾರಕ್ಕೆ ಬಳಿದು, ಏನೂ ಆಗದವಳಂತೆ ನಾಷ್ಟಾಕ್ಕೆ ಕರೆಯುತ್ತಿದ್ದಳು. ಅಷ್ಟು ಬೀಗುವವನ ಮುಖ ಸಣ್ಣದಾಗುವುದನ್ನು ನೋಡಲಾರಳು, ಅಷ್ಟೇ. ಕಳೆದ ವರ್ಷ ಅವಳ ಮಂಡಿ ಮಾತು ಕೇಳಲಿಲ್ಲ, ಬಳಿಯಲಾಗಲಿಲ್ಲ. ನೀರು ನಿಂತು ಪಾಚಿ ಕಟ್ಟಿತು. ಕೂಸನ್ನು ಎತ್ತಿಕೊಂಡಿದ್ದ ಸೊಸೆ ಶಾಯಿಸ್ತಾ ಜಾರಿ, ಗೋಡೆ ಸಿಕ್ಕಿದ್ದಕ್ಕೆ ಬಚಾವಾದಳು. ಇನ್ನೂ ಸುಮ್ಮನಿದ್ದರೆ ಇವನು ಕಲ್ಲು ಕೀಳಲು ಬಿಡುವುದಿಲ್ಲ.

"ಯಾವಾಗ್ಲೂ ನಿಲ್ತಿತ್ತು. ನಾನೇ ಬಳೀತಿದ್ದೆ," ಎಂದಳು, ನೆಲ ನೋಡುತ್ತ.

ಮಕ್ಬೂಲ್ ಬಗ್ಗಿ ಒಂದು ಕಲ್ಲನ್ನು ಅಂಗೈಯಿಂದ ಸವರಿದ. ಆಮೇಲೆ, ಗಟಾರದ ಕಡೆ ಇಳಿಸಿ ಹಾಸು ಎಂದು ಮೇಸ್ತ್ರಿಗೆ ಹೇಳಿ ಒಳಗೆ ಹೋದ. ಕೆಲಸ ಮುಗಿದರೂ ಹೆಂಡತಿಯೊಡನೆ ಅಗತ್ಯಕ್ಕಷ್ಟೇ ಮಾತು. ಮುದುಕನ ಮನಸ್ಸು ಮುರಿದೆನಲ್ಲ ಎಂದು ಅವಳು ಒಳಗೊಳಗೇ ಬೆಂದಳು.

ಮೊದಲ ದೊಡ್ಡ ಮಳೆಯ ಬೆಳಿಗ್ಗೆ ಅವಳು ಅಭ್ಯಾಸಬಲದಿಂದ ಬೇಗ ಎದ್ದು, ಗೋಡೆ ಹಿಡಿದು ಹಿತ್ತಿಲಿಗೆ ಬಂದಳು. ಗಂಡ ಆಗಲೇ ಎದ್ದು, ಸೂರಿನ ಕೆಳಗೆ ಕುರ್ಚಿ ಹಾಕಿಟ್ಟಿದ್ದ. ಅವಳನ್ನು ಕೂರಿಸಿ, ತಾನು ಮೆಟ್ಟಿಲ ಮೇಲೆ ಕೂತು, ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡ.

"ನಂಗೆ ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಎಲ್ಲಾ ಕಿತ್ತು ಮತ್ತೆ ಹಾಸ್ತಿದ್ರಿ. ಇನ್ನೂ ಮಟ್ಟಾಗಿ."

ಮಕ್ಬೂಲನಿಗೆ ನಗು ತಡೆಯಲಾಗಲಿಲ್ಲ. ಅಂಗೈಗೆ ಎಣ್ಣೆ ಸುರಿದುಕೊಂಡು ಅವಳ ಮಂಡಿ ತಿಕ್ಕತೊಡಗಿದ. ಮಳೆನೀರು ಅವರ ಮುಂದೆಯೇ ತನ್ನಷ್ಟಕ್ಕೆ ಹರಿದು ಹೋಗುತ್ತಿತ್ತು.