ಮಸ್ಕತ್ ಪರೀಕ್ಷೆ

ಪಿಳ್ಳಣ್ಣನ ಹೆಬ್ಬೆಟ್ಟಿನ ಗುರುತು ಮೂರು ಸಲ ಒತ್ತಿಸಿದರೂ ಬೀಳಲಿಲ್ಲ. ಇಪ್ಪತ್ತು ವರ್ಷ ಸುಣ್ಣ, ಸಿಮೆಂಟು ತಿಂದ ಬೆರಳು. ಮಸಿಗೆ ಅದ್ದಿ ಕಾಗದಕ್ಕೆ ಒತ್ತಿದರೆ ಗೆರೆ ಒಂದೂ ಇಲ್ಲ, ಬರೀ ಕರಿಯ ಮಚ್ಚೆ. ಪಾಸ್‌ಪೋರ್ಟ್ ಅರ್ಜಿ ಹಾಳಾಯಿತೆಂದು ನಾನು ರೇಗಿದೆ. ಅವನು ಬೆರಳನ್ನು ಪಂಚೆಗೆ ಒರೆಸಿಕೊಂಡು, "ತಪ್ಪಾಯ್ತು ಸಂಜೀವಣ್ಣ" ಅಂದ. ಅವನ ತಪ್ಪೇನಿತ್ತು ಅದರಲ್ಲಿ?

ಆಗ ನಾನು ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಪೋಸ್ಟಾಫೀಸಿನ ಮುಂದೆ ಕೂತು ಅರ್ಜಿ ಬರೆದುಕೊಡುತ್ತಿದ್ದೆ. ರೇಷನ್ ಕಾರ್ಡು, ಮನಿಯಾರ್ಡರು, ವಿಧವೆಯರ ಪಿಂಚಣಿ. ಎಂಬತ್ತರ ಹೊತ್ತಿಗೆ ಪಾಸ್‌ಪೋರ್ಟ್ ಅರ್ಜಿಗಳೇ ಜಾಸ್ತಿಯಾದವು. ಗಾರೆ ಕೆಲಸದವರೆಲ್ಲ ಮಸ್ಕತ್ತು, ದುಬೈ ಎಂದು ಕನವರಿಸುತ್ತಿದ್ದ ಕಾಲ ಅದು. ಅವರನ್ನು ನನ್ನ ಹತ್ತಿರ ಕಳಿಸುತ್ತಿದ್ದವನು ಏಜೆಂಟ್ ಗುರುಶಾಂತಪ್ಪ. ಅಲ್ಲೇ ಹತ್ತಿರದಲ್ಲಿ ಮಹಡಿಯ ಮೇಲೆ ಅವನ ಆಫೀಸು. ಗೋಡೆಗೆ ವಿಮಾನದ ಕ್ಯಾಲೆಂಡರು, ಮೇಜಿನ ಮೇಲೆ ಕೆಂಪು ಫೋನು. ಅಷ್ಟಿದ್ದರೆ ಸಾಕಲ್ಲ, ಬಡವರು ನಂಬುತ್ತಾರೆ. ನಾನೂ ನಂಬಿದ್ದೆ.

"ಹುಟ್ಟಿದ್ದು ಯಾವಾಗ?" ಎಂದು ಪಿಳ್ಳಣ್ಣನನ್ನು ಕೇಳಿದೆ.

"ಸಾರಕ್ಕಿ ಕೆರೆ ಕೋಡಿ ಬಿದ್ದ ವರ್ಷ ಅಂತ ನಮ್ಮವ್ವ ಹೇಳೋಳು."

ಕೋಡಿ ಬಿದ್ದ ವರ್ಷವನ್ನು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ. ಮುಖ ನೋಡಿ, ನಲವತ್ತೆರಡನೇ ಇಸವಿ ಜೂನ್ ಒಂದು ಎಂದು ಬರೆದೆ. ನಲವತ್ತು ದಾಟಿದವರಿಗೆ ವೀಸಾ ಸಿಗುವುದಿಲ್ಲ ಎಂದು ಗುರುಶಾಂತಪ್ಪ ಹೇಳಿದ್ದು ಆಮೇಲೆ. ನಾನು ವಯಸ್ಸನ್ನು ಐದು ವರ್ಷ ಕಡಿಮೆ ಬರೆದಿದ್ದರೆ ಯಾವನೂ ಕೇಳುತ್ತಿರಲಿಲ್ಲ. ನನ್ನ ಪೆನ್ನಿನಿಂದ ಅವನಿಗೆ ಉಳಿದದ್ದು ಎರಡೇ ವರ್ಷ.

ಅವನ ಹೆಂಡತಿ ಮುನಿಯಕ್ಕ ಪಕ್ಕದಲ್ಲೇ ಕೂತಿದ್ದಳು. ಅವನು ಗೋಡೆ ಕಟ್ಟಿದರೆ ಇವಳು ಬಾಂಡ್ಲಿಯಲ್ಲಿ ಗಾರೆ ಹೊರುವವಳು.

"ಈ ವೀಸಾ ಅಂದ್ರೆ ಏನಣ್ಣ?" ಅಂದಳು.

"ಅವರ ದೇಶದಲ್ಲಿ ಇರೋಕೆ ಅವರು ಕೊಡೋ ಅಪ್ಪಣೆ ಕಣಮ್ಮ. ಎರಡು ವರ್ಷಕ್ಕೆ ಕೊಡ್ತಾರೆ. ಆಮೇಲೆ ಅಲ್ಲಿನ ಧಣಿ ಸೈನ್ ಹಾಕಿದ್ರೆ ಇನ್ನೆರಡು ವರ್ಷ."

"ಹಾಕ್ದೆ ಇದ್ರೆ?"

"ವಾಪಸ್ ಬರ್ಬೇಕು."

"ಬೇರೆ ಧಣಿ ಹತ್ರ ಹೋಗಂಗಿಲ್ವಾ?"

"ಇಲ್ಲ. ಪಾಸ್‌ಪೋರ್ಟು ಅವನ ಕೈಲೇ ಇರುತ್ತೆ."

"ಅಂಗಾದ್ರೆ ಜೀತ ಅನ್ನಿ."

"ಸುಮ್ಕಿರಮ್ಮಿ" ಎಂದು ಪಿಳ್ಳಣ್ಣ ಗದರಿದ. ಸಾರಕ್ಕಿಯಲ್ಲಿ ಅವರ ಗುಡಿಸಲು ಇದ್ದ ಜಾಗಕ್ಕೆ ಲೇಔಟಿನವರು ಕಲ್ಲು ನೆಟ್ಟಾಗಿತ್ತು. ಎರಡು ವರ್ಷ, ಸೈನ್ ಬಿದ್ದರೆ ನಾಲ್ಕು. ಬಂದವನೇ ಎಲ್ಲಾದರೂ ಎರಡು ಕೋಣೆ ಎಬ್ಬಿಸಬೇಕು. ಊರಿಗೆಲ್ಲ ಮನೆ ಕಟ್ಟಿದವನಿಗೆ ಇದ್ದ ಆಸೆ ಇಷ್ಟೇ.

ಪಾಸ್‌ಪೋರ್ಟು ಬಂತು. ಗುರುಶಾಂತಪ್ಪ ಅದನ್ನು ಇಸಿದುಕೊಂಡು, "ವೀಸಾ ಹೊಡೆಸೋಕೆ ಬೊಂಬಾಯಿಗೆ ಕಳಿಸ್ತೀನಿ. ಅಷ್ಟರಲ್ಲಿ ನೀನು ಟ್ರೇಡ್ ಟೆಸ್ಟ್ ಪಾಸಾಗ್ಬೇಕು" ಅಂದ.

"ಅಂಗಂದ್ರೆ ಸಾರ್?"

"ಪರೀಕ್ಷೆ ಕಣಯ್ಯ. ನಿಂಗೆ ಕೆಲಸ ಬರುತ್ತೋ ಇಲ್ವೋ ಅಂತ ಮಸ್ಕತ್ ಕಂಪನಿಯೋರು ನೋಡ್ಬೇಡ್ವಾ? ಫೋಟೋ ತೆಗ್ದು ಕಳಿಸ್ಬೇಕು."

ಪರೀಕ್ಷೆ ನಡೆಯುತ್ತಿದ್ದದ್ದು ಜೆ.ಪಿ. ನಗರದ ಒಂದು ಸೈಟಿನಲ್ಲಿ. ಮೇಸ್ತ್ರಿ ತನ್ನ ಹೆಣ್ಣಾಳನ್ನು ತಾನೇ ಕರೆತರಬೇಕು. ಹತ್ತು ದಿನ ಕೆಲಸ. ಯಾರೋ ಒಬ್ಬನು ಕೂಲಿಯ ಮಾತೆತ್ತಿದ್ದಕ್ಕೆ ಗುರುಶಾಂತಪ್ಪ ನಕ್ಕನಂತೆ. "ಎಸ್ಸೆಸ್ಸೆಲ್ಸಿ ಹುಡುಗ್ರು ಪರೀಕ್ಷೆ ಬರೆದು ಕೂಲಿ ಕೇಳ್ತಾರೇನಯ್ಯಾ?" ಕೇಳಿದವನೇ ನಾಚಿ ತಲೆ ತಗ್ಗಿಸಿದನಂತೆ.

ಅದಕ್ಕಿಂತ ದೊಡ್ಡ ಮೂರ್ಖತನ ಇನ್ನೊಂದಿತ್ತು. ಬೇರೆ ಮನೆಯಾದರೆ ಧಣಿ ನೋಡದಿದ್ದಾಗ ಒಂದು ಬೀಡಿ ಸೇದಿ, ಗಾರೆ ಸ್ವಲ್ಪ ತೆಳ್ಳಗೆ ಎಳೆದು ಮುಗಿಸುತ್ತಿದ್ದವರು ಇಲ್ಲಿ ಜೀವ ತೇಯ್ದರು. ಪರೀಕ್ಷೆಯಲ್ಲವೇ? ಒಂದೊಂದು ಇಟ್ಟಿಗೆಯನ್ನೂ ನೀರಲ್ಲಿ ನೆನೆಸಿ ಇಟ್ಟರು. ಗೋಡೆ ನೆಟ್ಟಗಿದೆಯೇ ಎಂದು ಗಳಿಗೆಗೊಂದು ಸಲ ತೂಕದ ಗುಂಡು ಬಿಟ್ಟು ನೋಡಿದರು. ಪಿಳ್ಳಣ್ಣ ತಾನು ಕಟ್ಟಿದ ಮೂಲೆ ಸರಿಯಿಲ್ಲವೆಂದು ತಾನೇ ಎರಡು ಸಲ ಕೆಡವಿ ಕಟ್ಟಿದ. ಪುಕ್ಕಟೆ ಕೆಲಸಕ್ಕೆ ಇಷ್ಟು ನಿಯತ್ತನ್ನು ನಾನು ಎಲ್ಲೂ ಕಂಡಿಲ್ಲ.

ಹತ್ತು ದಿನ ಆದಮೇಲೆ, "ಫೋಟೋ ಹೋಗಿದೆ, ಕಾಯ್ತಿರು" ಅಂದ ಗುರುಶಾಂತಪ್ಪ. ಮೂರು ತಿಂಗಳಿಗೆ, "ಗೋಡೆ ಪಾಸು, ಕಲ್ಲು ಕೆಲಸ ನೋಡ್ಬೇಕಂತೆ" ಅಂದ. ಮತ್ತೆ ಹತ್ತು ದಿನ. ಆಮೇಲೆ ಮೆಟ್ಟಿಲು. ಅದು ಫೇಲು. ಮತ್ತೆ ಬಾ. ವರ್ಷ ಕಳೆದು ಎಂಬತ್ತೆರಡು ಬಂತು. ಪಿಳ್ಳಣ್ಣ ವಾರಕ್ಕೊಮ್ಮೆ ನನ್ನ ಹತ್ತಿರ ಬಂದು ಕೂರುವನು. "ಜೂನ್‌ಗೆ ಇನ್ನೆಷ್ಟು ದಿನ ಐತಣ್ಣ?" ಅಷ್ಟೇ ಅವನ ಮಾತು. ಕೆನ್ನೆ ಒಳಕ್ಕೆ ಹೋಗಿತ್ತು.

ಒಂದು ಭಾನುವಾರ ನನ್ನನ್ನು ಆ ಸೈಟಿಗೆ ಕರೆದುಕೊಂಡು ಹೋದ. ಗಿಲಾವು ಇನ್ನೂ ಮಾಡಿರಲಿಲ್ಲ, ಇಟ್ಟಿಗೆ ಎಲ್ಲ ಕಾಣುತ್ತಿತ್ತು.

"ಈ ಕಡೆ ಗೋಡೆ ನಂದು" ಅಂದ. "ಆ ಕಡೇದು ಬ್ಯಾರೆಯೋನ್ದು. ನೋಡು, ಗಾರೆ ಎಡಕ್ಕೆ ಎಳ್ದವ್ನೆ. ಎಡಚ. ವಿಲ್ಸನ್ ಗಾರ್ಡನ್ ಬೋರಯ್ಯನ ಕೈ ಅದು, ಎಲ್ಲಿ ಕಂಡ್ರೂ ಹೇಳ್ತೀನಿ. ಕಿಟಕಿ ಹತ್ರ ಇನ್ನೊಬ್ಬ. ಪಾಯ ಇನ್ಯಾರೋ. ಒಂದ್ ಮನೆ ಒಬ್ಬ ಮೇಸ್ತ್ರಿ ಕೈನಾಗೆ ಏಳ್ತದೆ ಅಣ್ಣ. ಇದ್ರಾಗೆ ನಾನು ಒಂಬತ್ತು ಕೈ ಎಣಿಸ್ದೆ."

"ಪರೀಕ್ಷೆ ಅಂದ್ಮೇಲೆ ಬೇರೆಯವರೂ ಬರ್ತಾರಲ್ಲ?"

"ಪರೀಕ್ಷೆ ಗೋಡೆಗೆ ಬಚ್ಚಲು ಯಾಕಣ್ಣ? ದೇವ್ರ ಮನೆ ಯಾಕೆ?"

ಮಾರನೆಯ ದಿನವೇ ಸೈಟು ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿದೆ. ಗುರುಶಾಂತಪ್ಪನ ಹೆಂಡತಿ ಕಮಲಾದೇವಿಯ ಹೆಸರಿನಲ್ಲಿತ್ತು.

ಬೋರಯ್ಯನನ್ನು ಹುಡುಕಿದೆವು. ಅವನು ಇನ್ನಿಬ್ಬರನ್ನು ಹುಡುಕಿದ. ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳದ ಹಾಗೆ ಗುರುಶಾಂತಪ್ಪ ಬೇರೆ ಬೇರೆ ವಾರಗಳಲ್ಲಿ ಕರೆಸಿದ್ದ. ಎಲ್ಲರದೂ ಅದೇ ಕಥೆ. ಎಲ್ಲರ ಪಾಸ್‌ಪೋರ್ಟೂ ಬೊಂಬಾಯಿಯಲ್ಲಿ. ಜಗಳ ತೆಗೆದರೆ ಅದೂ ಹೋಗುತ್ತದೆಂಬ ಭಯ. ದಾರಿ ಕಾಣದೆ ಕೂತಿದ್ದಾಗ ಗುರುಶಾಂತಪ್ಪನೇ ಹೇಳಿಕಳಿಸಿದ. ಕೊನೇ ಟೆಸ್ಟು, ತಾರಸಿಗೆ ಮೋಲ್ಡು ಹಾಕುವುದು. ಎಲ್ಲ ಬ್ಯಾಚಿನವರೂ ಒಂದೇ ದಿನ ಬರಬೇಕು.

ಮೋಲ್ಡು ಬೆಳಿಗ್ಗೆ ಹಿಡಿದರೆ ಮುಗಿಯುವವರೆಗೂ ನಿಲ್ಲಿಸುವ ಹಾಗಿಲ್ಲ. ಹಾಕಿದ ಕಾಂಕ್ರೀಟು ಗಟ್ಟಿಯಾದ ಮೇಲೆ ಹೊಸದು ಸುರಿದರೆ ಎರಡೂ ಕೂಡುವುದಿಲ್ಲ. ಆ ಸಂದಿನಿಂದ ಮನೆ ಇರುವಷ್ಟು ಕಾಲ ನೀರು ಸೋರುತ್ತದೆ. ಅದು ಗುರುಶಾಂತಪ್ಪನಿಗೂ ಗೊತ್ತಿತ್ತು. ಅದಕ್ಕೇ ಅಷ್ಟು ಜನ ಬೇಕಾಗಿದ್ದದ್ದು.

ಮಾರ್ಚ್ ತಿಂಗಳ ಬಿಸಿಲು. ಇಪ್ಪತ್ತೆಂಟು ಮೇಸ್ತ್ರಿಗಳು, ಅಷ್ಟೇ ಹೆಂಗಸರು. ಕಾಗದಪತ್ರ ಕೈಗೆ ಬಂದರೆ ಓದಿ ಹೇಳಲು ಬೇಕೆಂದು ಮೇಸ್ತ್ರಿಗಳು ನನ್ನನ್ನೂ ಕರೆದಿದ್ದರು. ನಾನು ಮರಳಿನ ಗುಡ್ಡೆಯ ಹತ್ತಿರ ನಿಂತಿದ್ದೆ. ಬಾಂಡ್ಲಿಗಳು ಕೈಯಿಂದ ಕೈಗೆ ಮೇಲೇರಿದವು. ಹನ್ನೊಂದರ ಹೊತ್ತಿಗೆ ಅರ್ಧ ತಾರಸಿ ತುಂಬಿತು. ಆಗ ಮುನಿಯಕ್ಕ ತುಂಬಿದ ಬಾಂಡ್ಲಿಯನ್ನು ಕೆಳಗಿಟ್ಟು ಕೂತಳು. ಹಿಂದಿನವಳು ಕೂತಳು. ಸಾಲು ಪೂರ್ತಿ ಕೂತಿತು.

"ಏನ್ರೇ ಅದು? ಏಳ್ರೇ!" ಗುರುಶಾಂತಪ್ಪ ಛತ್ರಿ ಹಿಡಿದು ಓಡಿಬಂದ.

"ಪಾಸ್‌ಪೋರ್ಟು ಕೊಡಿ ಸಾರ್" ಅಂದ ಪಿಳ್ಳಣ್ಣ ಮೇಲಿನಿಂದ.

"ಬೊಂಬಾಯಲ್ಲಿದೆ ಅಂತ ಹೇಳಿಲ್ವೇನಯ್ಯಾ? ಕಲಸಿದ್ದು ಗಟ್ಟಿಯಾಗ್ತಿದೆ, ಸುರೀರಿ!"

ಯಾರೂ ಏಳಲಿಲ್ಲ. ಅವನು ಒಬ್ಬೊಬ್ಬರ ಹೆಸರು ಹಿಡಿದು ಬೈದ, ಆಮೇಲೆ ಅಣ್ಣ, ತಮ್ಮ ಎಂದ. ಕಡೆಗೆ ಪೊಲೀಸರನ್ನು ಕರೆಸುತ್ತೇನೆ ಅಂದ.

"ಕರ್ಸಿ" ಅಂದಳು ಮುನಿಯಕ್ಕ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ. "ಪೊಲೀಸ್ನೋರು ಬರೋಗಂಟ ನಾವು ಕಾಯ್ತೀವಿ. ಕಾಂಕ್ರೀಟ್ ಕಾಯಕ್ಕಿಲ್ಲ."

ಗುರುಶಾಂತಪ್ಪ ತಾರಸಿ ನೋಡಿದ, ಬಿಸಿಲು ನೋಡಿದ. ಡ್ರೈವರನ್ನು ಕರೆದು ಕಿವಿಯಲ್ಲಿ ಏನೋ ಹೇಳಿದ. ಕಾರು ಜಯನಗರದ ಕಡೆ ಹೋಯಿತು. ಬೊಂಬಾಯಿಯಿಂದ ಜೆ.ಪಿ. ನಗರಕ್ಕೆ ಪಾಸ್‌ಪೋರ್ಟು ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು.

ಡ್ರೈವರು ಒಂದು ಸೂಟ್‌ಕೇಸ್ ತಂದು ತೆರೆದಿಟ್ಟ. ಫೋಟೋ ನೋಡಿಕೊಂಡು ಒಬ್ಬೊಬ್ಬರೂ ತಮ್ಮದನ್ನು ಎತ್ತಿಕೊಂಡರು. ಪಿಳ್ಳಣ್ಣ ಕೆಳಗಿಳಿದು ತನ್ನದನ್ನು ನನ್ನ ಕೈಗಿಟ್ಟ. "ವೀಸಾ ಯಾವ ಹಾಳೆನಾಗೈತೆ ನೋಡಣ್ಣ."

ತಿರುವಿದೆ. ಹೊಸ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಬ್ಬನೂ ಅದನ್ನು ತೆರೆದಿರಲಿಲ್ಲ.

"ಇಲ್ಲ ಪಿಳ್ಳಣ್ಣ."

"ಕಡೇ ಹಾಳೆ ನೋಡು."

"ಅಲ್ಲೂ ಇಲ್ಲ."

"ಸರ್ಯಾಗಿ ನೋಡಣ್ಣ, ನಿಂಗೆ ಕಣ್ಣು ಮಂಜು."

ಮತ್ತೆ ನೋಡಿದೆ. ನನಗೆ ಅಳು ಬಂತು. ಉಳಿದವರ ಪಾಸ್‌ಪೋರ್ಟುಗಳನ್ನೂ ನೋಡಿದೆ. ಇಪ್ಪತ್ತೆಂಟರಲ್ಲಿ ಒಂದಕ್ಕೂ ಮುದ್ರೆ ಬಿದ್ದಿರಲಿಲ್ಲ. ಪಿಳ್ಳಣ್ಣ ತನ್ನದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡೆ. ಅವನು ನೀರಿನ ಡ್ರಮ್ಮಿನ ಹತ್ತಿರ ಹೋಗಿ ಗಾರೆ ಮೆತ್ತಿದ ಕರಣೆಯನ್ನು ತೊಳೆಯತೊಡಗಿದ. ದಿನದ ಕೆಲಸ ಮುಗಿದ ಮೇಲೆ ತೊಳೆಯುವ ಹಾಗೆ, ಹಿಡಿಯ ಸಂದಿಯನ್ನೂ ಉಜ್ಜಿ. ಬೋರಯ್ಯ ಬಂದು ತನ್ನದನ್ನು ಅದ್ದಿದ. ಹೆಂಗಸರು ಬಾಂಡ್ಲಿಗಳನ್ನು ಅಲ್ಲೇ ಬೋರಲು ಹಾಕಿದರು.

"ಪಾಸ್‌ಪೋರ್ಟ್ ಕೊಟ್ನಲ್ರೋ! ಇನ್ನೂ ಅರ್ಧ ತಾರಸಿ ಹಂಗೇ ಇದೆಯಲ್ರೋ!" ಗುರುಶಾಂತಪ್ಪ ಛತ್ರಿ ಬಿಸಾಡಿ ಅಡ್ಡ ಬಂದ.

ಪಿಳ್ಳಣ್ಣ ಕರಣೆಯನ್ನು ಚೀಲಕ್ಕೆ ಹಾಕಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿದಿದ್ದ.

"ಪರೀಕ್ಷೆ ತಾನೇ ಸಾರ್" ಅಂದ. "ನಾವೆಲ್ಲಾ ಫೇಲು ಅಂತ ಬರ್ಕೊಳ್ಳಿ."