ಓಸಾಯ್ ಮನೆಗೆ ಬಂದದ್ದು

ಅಮಿಸ್ ಜನರಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುತ್ತದೆ; ಗಂಡ ಹೊರಗಿನಿಂದ ಬಂದು ಸೇರಿಕೊಳ್ಳುವವನು. ರೆಂಗೋಸ್‌ಳ ಗಂಡ ಫುತೋಲ್ ಕೂಡ ಹಾಗೆ ಬಂದವನೇ. ಅವರಿಗಿದ್ದದ್ದು ಒಬ್ಬಳೇ ಮಗಳು, ಓಸಾಯ್. ತೈವಾನಿನ ಪೂರ್ವ ಕರಾವಳಿಯ ಆ ಊರಿನಲ್ಲಿ ಚಳಿ ಹಿಂದೆಗೆಯುತ್ತಿದ್ದಂತೆ ಹೆಂಗಸರು ಕಡಲಪಾಚಿ ಕೀಳಲು ಬಂಡೆಗಳಿಗೆ ಇಳಿಯುತ್ತಾರೆ. ಒಂದು ಬೆಳಿಗ್ಗೆ ಹಾಗೆ ಇಳಿದ ಓಸಾಯ್‌ಳನ್ನು ಅಲೆ ಎಳೆದುಕೊಂಡು ಹೋಯಿತು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ತಾಯಿ ಬಗ್ಗಿ ಚಿಪ್ಪು ಬಿಡಿಸುತ್ತಿದ್ದಳು. ತಲೆಯೆತ್ತಿದಾಗ ಮಗಳ ಬುಟ್ಟಿ ಮಾತ್ರ ತೇಲುತ್ತಿತ್ತು. ದೇಹ ಸಿಗಲಿಲ್ಲ.

ಅದಾಗಿ ಕೆಲವು ವರ್ಷಗಳ ಮೇಲೆ ರಾಜಧಾನಿಯಿಂದ ಡಾಕ್ಟರ್ ಶು ಬಂದಳು. ಓಸಾಯ್ ಬದುಕಿದ್ದಾಗ ಈ ಜನರ ಮೂಲ ಹುಡುಕುವ ಸಂಶೋಧನೆಗೆಂದು ಊರಿನ ಹಲವರ ರಕ್ತ ಪಡೆದುಕೊಂಡು ಹೋಗಿದ್ದವಳು ಅವಳೇ. ಈಗ ಸಭಾಭವನದ ಗೋಡೆಗೆ ನಕಾಶೆ ತೂಗುಹಾಕಿ, ಸಾವಿರಾರು ವರ್ಷಗಳ ಹಿಂದೆ ಈ ನೆಲದಿಂದ ದೋಣಿಯೇರಿದವರು ದ್ವೀಪದಿಂದ ದ್ವೀಪಕ್ಕೆ ದಾಟುತ್ತ ಮಹಾಸಾಗರದ ನಟ್ಟನಡುವಿನವರೆಗೂ ಹೇಗೆ ಹಬ್ಬಿದರೆಂದು ವಿವರಿಸಿದಳು.

“ಹೋದೋರು ಒಬ್ರೂ ತಿರುಗಿ ಬರ್ಲಿಲ್ವಲ್ಲ,” ಎಂದ ಫುತೋಲ್ ಹಿಂದಿನ ಸಾಲಿನಿಂದ. “ಅಲ್ಲಿ ಮೀನು ದಪ್ಪ ಇರ್ಬೇಕು.”

ಎಲ್ಲರೂ ನಕ್ಕರು.

ಸಭೆ ಮುಗಿದ ಮೇಲೆ ಡಾಕ್ಟರ್ ರೆಂಗೋಸ್‌ಳ ಮನೆಯನ್ನೇ ಹುಡುಕಿಕೊಂಡು ಬಂದಳು. ಮುಖ ಅರಳಿತ್ತು.

“ಈನಾ,” ಎಂದಳು, ಊರಿನ ಮಕ್ಕಳು ಅಮ್ಮನನ್ನು ಕರೆಯುವ ಹಾಗೆ. “ಹೆಣ್ಣುಮಕ್ಕಳಿಂದ ಮಾತ್ರ ಮುಂದಕ್ಕೆ ಹೋಗೋ ಗುರುತೊಂದು ರಕ್ತದಲ್ಲಿರುತ್ತೆ. ನಿಮ್ಮ ಓಸಾಯ್‌ದು ಆ ದೂರದ ದ್ವೀಪದವರ ಗುರುತಿಗೆ ತೀರಾ ಹತ್ತಿರ. ಇಷ್ಟು ಹತ್ತಿರದ್ದು ಈ ಕರಾವಳೀಲಿ ಇನ್ಯಾರಲ್ಲೂ ನಮಗೆ ಸಿಕ್ಕಿಲ್ಲ. ಅವಳಿಗೇ ಹೇಳೋಣ ಅಂತ ಬಂದೆ. ಎಲ್ಲಿ ಅವಳು? ಮದುವೆ ಆಯ್ತಾ?”

ಫುತೋಲ್ ಎದ್ದು ಹೊರಗೆ ಹೋದ.

“ಕಡಲಿಗೆ ಹೋದ್ಳು,” ಎಂದಳು ರೆಂಗೋಸ್.

“ಯಾವಾಗ ಬರ್ತಾಳೆ?”

“ಬುಟ್ಟಿ ಮಾತ್ರ ಬಂತು.” ಡಾಕ್ಟರ್‌ಗೆ ವಿಷಯ ಅರ್ಥವಾಯಿತು. ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು, “ನಿಮ್ಮ ಬಳ್ಳಿ ಒಣಗಿಲ್ಲ ಈನಾ. ಆ ದ್ವೀಪಗಳಲ್ಲಿ ಸಾವಿರಾರು ಹೆಣ್ಣುಮಕ್ಕಳಿದಾರೆ,” ಎಂದಳು.

“ಅದ್ರಲ್ಲಿ ಒಬ್ಬಳಾದ್ರೂ ಬಂದು ನನ್ನನ್ನ ಈನಾ ಅಂತಾಳಾ?”

ಡಾಕ್ಟರ್ ಹೊರಡಲು ಎದ್ದಳು. ರೆಂಗೋಸ್ ಅವಳ ಕೈ ಹಿಡಿದಳು.

“ಅವಳ ರಕ್ತ ಇನ್ನೂ ಇದೆಯಾ ನಿನ್ ಹತ್ರ?”

“ಸ್ವಲ್ಪ ಇದೆ. ಫ್ರೀಜರ್‌ನಲ್ಲಿ ಇಟ್ಟಿದೀವಿ.”

“ನಾನಿಲ್ಲಿ ಬಂಡೆಬಂಡೆ ತಡಕ್ತಾ ಇದ್ದೆ, ತಾಯಿ. ಒಂದು ಉಗುರೂ ಸಿಗ್ಲಿಲ್ಲ. ಅವಳು ನಿನ್ ಹತ್ರ ಇದ್ಲು.” ರೆಂಗೋಸ್‌ಳ ದನಿ ಇಳಿಯಿತು. “ತಂದ್ಕೊಡು. ಮಣ್ಣು ಮಾಡ್ಬೇಕು.”

ಡಾಕ್ಟರ್ ತನ್ನ ಮೇಲಿನವರನ್ನು ಒಪ್ಪಿಸುವಷ್ಟರಲ್ಲಿ ಬಿರುಗಾಳಿಯ ಕಾಲ ಮುಗಿದುಹೋಗಿತ್ತು. ಇಂಥ ರಕ್ತ ಮತ್ತೆಲ್ಲಿ ಸಿಗುತ್ತದೆ ಎಂದು ಜೊತೆಯವರೇ ಅವಳ ಮೇಲೆ ರೇಗಿದ್ದರು. ಆದರೂ ಡಾಕ್ಟರ್ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದಳು. ಒಳಗೊಂದು ಪುಟ್ಟ ನಳಿಗೆ, ಅದರ ತಳದಲ್ಲಿ ಕಪ್ಪಗೆ ಹೆಪ್ಪುಗಟ್ಟಿದ ಚೂರು.

ರೆಂಗೋಸ್ ಅದನ್ನು ಅಂಗೈಗೆ ತೆಗೆದುಕೊಂಡಳು.

“ಎಷ್ಟು ಕೊರೀತಿದಾಳೆ,” ಎಂದಳು. “ಇಷ್ಟು ದಿನ ಚಳೀಲೇ ಇಟ್ಟಿದ್ರಾ ಇವಳನ್ನ?”

ಮುಷ್ಟಿ ಬಿಗಿದು, ಮೇಲೆ ಇನ್ನೊಂದು ಕೈ ಮುಚ್ಚಿ, ಸ್ಮಶಾನದವರೆಗೂ ಹಾಗೇ ನಡೆದಳು. ಫುತೋಲ್ ತನ್ನ ಅತ್ತೆಯ ಸಮಾಧಿಯ ಪಕ್ಕ ಗುಂಡಿ ತೋಡಿಟ್ಟಿದ್ದ. ಅಲ್ಲಿ ಕೈ ಬಿಚ್ಚಿ ನೋಡಿದರೆ ಹೆಪ್ಪು ಕರಗಿ ಕೆಂಪಗಾಗಿತ್ತು.

“ಬೆಚ್ಚಗಾದ್ಲು,” ಎಂದು ರೆಂಗೋಸ್ ಮತ್ತೆ ಮುಷ್ಟಿ ಮುಚ್ಚಿಬಿಟ್ಟಳು. ನೆರೆಯ ಹೆಂಗಸರು ಕರೆದರು, ಅವಳು ಅಲುಗಲಿಲ್ಲ.

“ಬಿಡೇ,” ಎಂದ ಫುತೋಲ್. “ಮಗು ಮಲಗ್ಲಿ.” ಒಂದೊಂದೇ ಬೆರಳು ಬಿಡಿಸಿ ನಳಿಗೆ ತೆಗೆದುಕೊಂಡವನು ಅವನೇ. ಗುಂಡಿಗಿಳಿಸಿ ಬರಿಗೈಯಿಂದಲೇ ಮಣ್ಣು ಎಳೆದ.

ಹೊರಡುವ ಮೊದಲು ಡಾಕ್ಟರ್ ಹಿಂಜರಿಯುತ್ತಲೇ ಕೇಳಿದಳು. “ಈನಾ, ನಿಮ್ಮ ರಕ್ತ ಒಂಚೂರು ಕೊಟ್ರೆ... ಇಲ್ದಿದ್ರೆ ಈ ಗುರುತು ಇಲ್ಲಿಗೇ ಮುಗಿಯುತ್ತೆ.”

“ಮುಗ್ದಾಯ್ತಲ್ಲ, ತಾಯಿ,” ಎಂದಳು ರೆಂಗೋಸ್. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಎಲೆಯಲ್ಲಿ ಕಟ್ಟಿದ ಅಂಟನ್ನದ ಪೊಟ್ಟಣವನ್ನು ದಾರಿಗೆಂದು ಡಾಕ್ಟರ್ ಕೈಗಿತ್ತಳು.

ರೆಂಗೋಸ್ ಹೆಚ್ಚು ಕಾಲ ಬದುಕಲಿಲ್ಲ. ಅವಳನ್ನು ಮಗಳ ಪಕ್ಕದಲ್ಲಿ ಮಲಗಿಸಿ ಬಂದ ಮೇಲೆ, ಹೆಣ್ಣಿಲ್ಲದ ಆ ಮನೆಯಲ್ಲಿ ತನಗಿನ್ನು ಜಾಗವಿಲ್ಲವೆಂದು ಫುತೋಲ್ ಬಾಗಿಲೆಳೆದುಕೊಂಡು ಅಕ್ಕನ ಮನೆಗೆ ಹೊರಟುಹೋದ.