ಮುದಿ ಪಿಚರ್‌ಗೆ ಬದಲಾಗಿ ಒಬ್ಬ ಹುಡುಗ

ಲುಡ್ ಝೂಪನ್‌ಗೆ ಬೇಸ್‌ಬಾಲ್ ನಡೆಯುವ ಬೇಸಿಗೆಗಿಂತ ಆಟವೇ ಇಲ್ಲದ ಚಳಿಗಾಲದಲ್ಲಿ ಬಾಯಿ ಜಾಸ್ತಿ. ಯಾವ ತಂಡ ಯಾರನ್ನು ಕೊಂಡಿತು, ಯಾರನ್ನು ಕೊಟ್ಟು ಯಾರನ್ನು ತರುತ್ತಾರಂತೆ ಎಂಬ ಗಾಳಿಸುದ್ದಿಗಳೇ ಡಿಸೆಂಬರಿನಿಂದ ಫೆಬ್ರವರಿವರೆಗೆ ಅವನ ಊಟ. ನಿಜವಾದ ಊಟ ಹೇಗೂ ಉಪ್ಪಿಲ್ಲದ್ದು, ನೀರನ್ನೂ ಅಳೆದು ಕುಡಿಯಬೇಕು. ವಾರಕ್ಕೆ ಮೂರು ಮಧ್ಯಾಹ್ನ ಕ್ಲೀವ್‌ಲ್ಯಾಂಡಿನ ಡಯಾಲಿಸಿಸ್ ಕೇಂದ್ರದ ಕುರ್ಚಿಯಲ್ಲಿ, ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು, ತನ್ನದೇ ರಕ್ತ ಯಂತ್ರದೊಳಗೆ ಹೋಗಿ ತೊಳೆದು ಬರುವುದನ್ನು ನೋಡುತ್ತ ಕೂರುತ್ತಾನೆ. ಕೈ ಅಲುಗಿದರೆ ಯಂತ್ರ ಕಿರುಚುತ್ತದೆ. ಅಲುಗದೆ ಮಾಡಬಹುದಾದ ಕೆಲಸವೆಂದರೆ ಜಗಳ ಒಂದೇ.

ಅದಕ್ಕೆ ಪಕ್ಕದ ಕುರ್ಚಿಯಲ್ಲಿ ಥರ್ಮನ್ ಬೀಸ್ಲಿ ಇದ್ದ. ಮನೆಮನೆಗೆ ಅಂಚೆ ಹಂಚಿ ನಿವೃತ್ತನಾದವನು, ಒಂಟಿ. ಕಿಡ್ನಿಗಾಗಿ ಸರದಿಯಲ್ಲಿ ಹೆಸರು ಬರೆಸಿ ಎಷ್ಟೋ ವರ್ಷವಾಗಿತ್ತು.

ಅವತ್ತು ಬೆಳಿಗ್ಗೆ ರೇಡಿಯೋದಲ್ಲಿ ಹೊಸ ಗುಸುಗುಸು ಎದ್ದಿತ್ತು. ಪಶ್ಚಿಮ ತೀರದ ತಂಡವೊಂದು ತನ್ನ ಹೆಸರಾಂತ ಪಿಚರ್ ಗ್ರೇಡಿ ಹಾಲ್ವರ್ಸನ್‌ನನ್ನು ನಮಗೆ ಕೊಡುತ್ತದಂತೆ. ಮೂವತ್ನಾಲ್ಕು ವರ್ಷದವನು, ಈ ಆಟಕ್ಕೆ ಮುದುಕನೇ, ಆದರೂ ಇನ್ನೂ ಬೆಂಕಿಯಂಥ ಚೆಂಡು ಎಸೆಯುತ್ತಾನೆ. ಬದಲಿಗೆ ನಾವು ಯೋಸ್ಮೆಲ್ ಬಾರ್ರಿಯೆಂತೋಸ್‌ನನ್ನು ಬಿಟ್ಟುಕೊಡಬೇಕಂತೆ. ಅವನಿನ್ನೂ ಇಪ್ಪತ್ತರ ಹುಡುಗ, ದೊಡ್ಡ ಮೈದಾನದಲ್ಲಿ ಬ್ಯಾಟ್ ಎತ್ತಿದವನೇ ಅಲ್ಲ.

"ಕೊಟ್ಟು ಬಿಸಾಕಲಿ!" ಲುಡ್ ಅಂದ. "ಆ ಹುಡುಗ ಬೆಳೆದು ದೊಡ್ಡೋನಾಗೋಷ್ಟರಲ್ಲಿ ನಾನು ಮಣ್ಣೊಳಗಿರ್ತೀನಿ. ನನಗೆ ಈ ವರ್ಷ ಬೇಕು ಕಣೋ. ಒಂದೇ ಒಂದು ಬೇಸಿಗೆ ಸಾಕು!"

"ನಿನ್ನಂಥೋರಿಂದಲೇ ನಮ್ಮ ತಂಡ ಹಾಳಾಗಿದ್ದು," ಥರ್ಮನ್ ಅಂದ. "ಎಳೇ ಹುಡುಗ್ರನ್ನ ಮಾರ್ಕೊಂಡು ತಿನ್ನೋದಾ? ನಾಚಿಕೆ ಆಗಲ್ವಾ ನಿಂಗೆ? ಕಾಯ್ಬೇಕಯ್ಯಾ."

"ಕಾದೂ ಕಾದೂ ನಮ್ಮಪ್ಪ ಸತ್ತ."

ಸುಳ್ಳಲ್ಲ. ಈ ತಂಡ ಕೊನೆಯ ಸಲ ಕಪ್ ಗೆದ್ದಾಗ ಲುಡ್ ಹುಟ್ಟಿರಲೇ ಇಲ್ಲ. ನ್ಯೂಯಾರ್ಕ್, ಲಾಸ್ ಏಂಜಲೀಸ್‌ನವರು ಚಳಿಗಾಲ ಬಂತೆಂದರೆ ಸಂತೆಗೆ ಬಂದ ಶ್ರೀಮಂತರ ಹಾಗೆ ಬೇಕಾದವರನ್ನೆಲ್ಲ ಬುಟ್ಟಿಗೆ ಹಾಕಿಕೊಂಡು ಹೋಗುತ್ತಾರೆ. ನಮ್ಮ ಮಾಲೀಕ ಮಹಾ ಜಿಪುಣ. ಪ್ರತಿ ಡಿಸೆಂಬರಿನಲ್ಲೂ "ಮಾತುಕತೆ ನಡೆದಿದೆ" ಎನ್ನುವುದು, ಜನವರಿಯಲ್ಲಿ ಭುಜ ಕಿತ್ತುಹೋದ ಯಾರನ್ನೋ ಅಗ್ಗಕ್ಕೆ ತಂದು ನಿಲ್ಲಿಸುವುದು. ಇದೆಲ್ಲ ಲುಡ್‌ಗೆ ಬಾಯಿಪಾಠ. ಆದರೂ ದಿನಾ ಬೆಳಿಗ್ಗೆ ಎದ್ದವನೇ ರೇಡಿಯೋ ಕಿವಿ ಹಿಂಡುತ್ತಾನೆ. ಎಂಥ ಹುಚ್ಚೋ!

ಯಂತ್ರ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಬಾಗಿಲು ತೆಗೆದುಕೊಂಡು ಕೋಟಿನ ಮೇಲಿನ ಹಿಮ ಕೊಡವುತ್ತ ಒಬ್ಬಳು ಒಳಗೆ ಬಂದಳು. ನೋಡಿದರೆ ಮಗಳು ಮಿಲೆನಾ. ಅವಳು ಶಾಲೆಯಲ್ಲಿ ಪಾಠ ಮಾಡುವ ಹೊತ್ತದು.

"ಏನೇ, ರಜವಾ?"

"ಹಾಕ್ಕೊಂಡು ಬಂದೆ." ಅವಳು ಸ್ಟೂಲು ಎಳೆದುಕೊಂಡು ಅವನ ಬಲಗಡೆ ಕೂತಳು. "ಇವತ್ತು ಎದ್ದು ಹೋಗೋಕೆ ಆಗಲ್ವಲ್ಲ ನಿಂಗೆ? ಅದಕ್ಕೇ ಇಲ್ಲಿಗೆ ಬಂದೆ."

ಕಳ್ಳ ಸಿಕ್ಕಿಬಿದ್ದ. ಅವಳು ಕಿಡ್ನಿಯ ಮಾತು ಎತ್ತಿದಾಗಲೆಲ್ಲ ಅವನು ಜಾಗ ಖಾಲಿ ಮಾಡುತ್ತಿದ್ದ. ಕ್ರಿಸ್‌ಮಸ್ ದಿನ ಊಟದ ಮೇಜಿನಿಂದೆದ್ದು, ಮೊನ್ನೆ ತಾನೇ ಗೋರಿದ ಹಿತ್ತಲಿನ ಹಿಮವನ್ನು ಮತ್ತೆ ಗೋರಲು ಹೋಗಿದ್ದ. ಫೋನಿನಲ್ಲಿ ಕೇಳಿದರೆ ಬಾಗಿಲಿಗೆ ಯಾರೋ ಬಂದರು ಎಂದು ಇಟ್ಟುಬಿಡುತ್ತಿದ್ದ. ಈಗ ಎಲ್ಲಿಗೆ ಓಡುತ್ತಾನೆ? ಎರಡು ನಳಿಕೆ ಅವನನ್ನು ಗೋಡೆಗೆ ಕಟ್ಟಿಹಾಕಿದ್ದವು.

"ಪರೀಕ್ಷೆಗಳೆಲ್ಲ ಮುಗಿದ್ವು ಅಪ್ಪಾ. ನನ್ನ ಕಿಡ್ನಿ ನಿನಗೆ ಹೊಂದುತ್ತೆ. ನೀನು ಹೂಂ ಅಂದ್ರೆ ಮುಂದಿನ ತಿಂಗಳೇ ದಿನ ಕೊಡ್ತಾರೆ."

"ಬೇಡ."

"ಯಾಕೆ?"

"ಬೇಡ ಅಂದ್ರೆ ಬೇಡ! ಎರಡು ಮಕ್ಕಳ ತಾಯಿ ನೀನು. ನಾಳೆ ನಿಂಗೇ ಬೇಕಾದ್ರೆ ಎಲ್ಲಿಂದ ತರ್ತೀಯಾ? ನನ್ನಂಥ ಹಳೇ ಗುಜರಿಗೆ ಹೊಸ ಸಾಮಾನು ಹಾಕ್ತಾರಾ ಯಾರಾದ್ರೂ?"

"ಬೆಳಗೆದ್ದರೆ ಅದನ್ನೇ ಮಾಡಿ ಅಂತ ರೇಡಿಯೋದೋರಿಗೆ ಫೋನ್ ಮಾಡಿ ಕಿರುಚ್ತೀಯಲ್ಲಪ್ಪ? ಎಳೇದನ್ನ ಕೊಟ್ಟು ಮುದಿಯನನ್ನ ತನ್ನಿ ಅಂತ?"

ಥರ್ಮನ್ ಕಿಸಕ್ಕೆಂದ. ಲುಡ್‌ಗೆ ಮೈಯೆಲ್ಲ ಉರಿದುಹೋಯಿತು. ತನ್ನ ಬಾಯಿಯೇ ತನಗೆ ಬೋನಾಯಿತಲ್ಲ ಎನಿಸಿತು.

"ಆ ಹುಡುಗ ನನ್ನ ಮಗನಾ? ಯಾರ ಮಗನೋ! ಅವನನ್ನ ಎಲ್ಲಿಗಾದ್ರೂ ಕಳಿಸ್ಲಿ, ನನಗೇನು?" ದನಿ ಏರಿತು, ತೋಳು ಅಲುಗಿತು, ಯಂತ್ರ ಕಿರುಚಿತು. ನರ್ಸ್ ಓಡಿ ಬಂದು, ಗುಂಡಿ ಒತ್ತಿ, ಚಿಕ್ಕ ಮಗುವಿಗೆ ಹೇಳುವ ಹಾಗೆ ಅಲುಗಬೇಡಿ ಎಂದು ಗದರಿಸಿ ಹೋದಳು. ಲುಡ್ ದನಿ ತಗ್ಗಿಸಿದ. "ನೋಡು, ಬೇಸ್‌ಬಾಲಲ್ಲಿ ಹತ್ತು ವರ್ಷ ಆಡಿದೋನಿಗೆ ನನ್ನನ್ನ ಬೇರೆ ತಂಡಕ್ಕೆ ಕೊಡಬೇಡಿ ಅನ್ನೋ ಹಕ್ಕಿದೆ. ನಾನು ಎಪ್ಪತ್ತು ಆಡಿದೀನಿ."

"ಅದಕ್ಕೆ ಕೊನೇ ಐದು ವರ್ಷ ಒಂದೇ ತಂಡದಲ್ಲಿ ಇರ್ಬೇಕು. ನೀನು ಈ ಕುರ್ಚಿಗೆ ಬಂದು ಎರಡು ವರ್ಷ ಆಯ್ತು ಅಷ್ಟೇ."

ಈ ನಿಯಮ ಅವಳಿಗೆ ಕಲಿಸಿದವನು ಅವನೇ. ಅವಳು ಚಿಕ್ಕವಳಿದ್ದಾಗ ಮಲಗುವ ಮುಂಚೆ ಬೇರೆ ಅಪ್ಪಂದಿರು ಕತೆ ಹೇಳಿದರೆ, ಇವನು ಆಟಗಾರರ ಕರಾರು ಹೇಳುತ್ತಿದ್ದ.

ಸಹಾಯಕ್ಕೆಂದು ಅವನು ಎಡಕ್ಕೆ ತಿರುಗಿದ. "ಹೇಳೋ ಥರ್ಮನ್! ಎಳೇರನ್ನ ಬಿಟ್ಟುಕೊಡಬಾರದು ಅಂತ ಇಡೀ ಚಳಿಗಾಲ ಬಡ್ಕೊಂಡೋನು ನೀನು. ಹೇಳು ಇವಳಿಗೆ."

ಥರ್ಮನ್ ತನ್ನ ಯಂತ್ರದ ಕಡೆ ಮುಖ ತಿರುಗಿಸಿಕೊಂಡ.

"ತಗೋ ಕಣಯ್ಯಾ," ಅಂದ.

"ನೀನೂನಾ?"

"ನನಗೆ ಕೊಡೋರು ಯಾರೂ ಇಲ್ಲ ಲುಡ್. ಕಾಯೋದು ಬಿಟ್ಟು ನನಗೆ ಬೇರೆ ಏನಿದೆ? ಅದಕ್ಕೇ ಕಾಯೋಣ, ಕಾಯೋಣ ಅಂತೀನಿ. ಇಂಥ ಮಗಳು ಬಂದು ಪಕ್ಕದಲ್ಲಿ ಕೂತಿದ್ರೆ ನಾನು ನಿನ್ನ ಹಾಗೆ ಮಾತಾಡ್ತಾ ಕೂರ್ತಿದ್ನೇನೋ, ಮೂರ್ಖ?"

ಅಷ್ಟು ಹೇಳಿ ಅವನು ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದ. ನಿದ್ದೆ ಬಂದಿರಲಿಲ್ಲ, ಎಲ್ಲರಿಗೂ ಗೊತ್ತು.

ಲುಡ್‌ಗೆ ಇನ್ನು ತಿರುಗಲು ಮಗಳ ಕಡೆಯೊಂದೇ ಉಳಿದಿತ್ತು.

"ಅದು ನನ್ನೊಳಗೆ ಕೆಟ್ಟು ಹೋದ್ರೆ?" ಕೇಳಿದ. ಇಷ್ಟು ದಿನ ಹಿಮ ಗೋರಿದ್ದು, ಫೋನ್ ಇಟ್ಟಿದ್ದು, ಎಲ್ಲ ಈ ಹೆದರಿಕೆಗೇ. "ಆ ಪಿಚರ್ ಬಂದ ವಾರಕ್ಕೇ ಭುಜ ಮುರ್ಕೊಂಡ ಅಂತಿಟ್ಕೋ. ಹುಡುಗನ್ನ ವಾಪಸ್ ಕೊಡ್ತಾರೇನೇ?"

"ಕೊಡಲ್ಲ."

"ಮತ್ತೆ?"

"ಮತ್ತೆ ಏನೂ ಇಲ್ಲ. ಹೋಯ್ತು ಅಷ್ಟೇ." ಅವಳು ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಹೊರಗಿನ ಚಳಿ ಅವಳ ಬೆರಳಲ್ಲಿ ಇನ್ನೂ ಇತ್ತು. "ನಿನಗೋಸ್ಕರ ಕೊಡ್ತಿದೀನಿ ಅಂದ್ಕೊಂಡ್ಯಾ? ಅಮ್ಮ ಹೋದಳು. ನೀನೂ ಈ ಕುರ್ಚೀಲೇ ಸವೆದು ಹೋಗೋದನ್ನ ನೋಡ್ತಾ ಕೂರೋಕೆ ನನ್ನಿಂದ ಆಗಲ್ಲ. ನನಗೂ ಒಂದಿಷ್ಟು ಬೇಸಿಗೆ ಬೇಕಪ್ಪಾ."

ಲುಡ್‌ಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ಸೂಜಿ, ಇನ್ನೊಂದು ಅವಳ ಹಿಡಿತದಲ್ಲಿ.

"ಕೈ ಬಿಡೇ."

"ಹೂಂ ಅನ್ನು, ಬಿಡ್ತೀನಿ."

ಯಂತ್ರ ನಿಲ್ಲಲು ಇನ್ನೂ ಎಷ್ಟೋ ಹೊತ್ತಿತ್ತು. ಥರ್ಮನ್ ಕಣ್ಣು ಮುಚ್ಚಿಕೊಂಡೇ ಕಿವಿ ತೆರೆದು ಮಲಗಿದ್ದ.

"ಹೂಂ," ಎಂದ ಲುಡ್.

ಅಂದ ಮೇಲೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ತನಗಾಗಿ ಎಂದೂ ಆಗದಿದ್ದಂಥ ಭಯ ಈಗ ಅವಳಿಗಾಗಿ ಆಯಿತು. ಅವಳ ಮುಖ ನೋಡಿದ.

"ನಿನಗೆ ತುಂಬ ನೋವಾಗುತ್ತಾ ಪುಟ್ಟಾ?"

"ಆಗುತ್ತಂತೆ," ಎಂದಳು ಮಿಲೆನಾ. ಕೈ ಮಾತ್ರ ಬಿಡಲಿಲ್ಲ.